ಹಳೆಯ ಯುಕುಲೇಲೆ: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ನೂರು ವರ್ಷದ ಹಿಂದಿನ ಯುಕುಲೇಲೆಯೊಂದನ್ನು, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು, ಮೊದಲ ಬಾರಿ ಕೈಗೆತ್ತಿಕೊಂಡವರು ಅದರ ಹಗುರತನಕ್ಕೆ ಬೆರಗಾಗುತ್ತಾರೆ. ಒಳ್ಳೆಯ ತಯಾರಕರು ಎರಡು ಮಿಲಿಮೀಟರ್‌ಗಿಂತಲೂ ತೆಳುವಾದ ಹಲಗೆಗಳನ್ನು ಬಳಸುತ್ತಿದ್ದರು. ವಾದ್ಯದ ಗಟ್ಟಿ ದನಿಗೂ, ಕಾಲಾಂತರದಲ್ಲಿ ಕಾಣಿಸಿಕೊಳ್ಳುವ ಬಿರುಕುಗಳಿಗೂ ಅದೇ ಕಾರಣ. ಆದ್ದರಿಂದ ಹಳೆಯ ಯುಕುಲೇಲೆ ಕೊಳ್ಳುವವರು ಹೊಳಪಿಗಾಗಲಿ ಹೆಸರಿಗಾಗಲಿ ಮರುಳಾಗದೆ, ಆ ತೆಳುವಾದ ಮರ ಇಷ್ಟು ವರ್ಷಗಳಲ್ಲಿ ಎಲ್ಲೆಲ್ಲಿ ಸರಿದಿದೆ, ಅದನ್ನು ಯಾರು ಹೇಗೆ ರಿಪೇರಿ ಮಾಡಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ವಾದ್ಯದ ಮೂಲವನ್ನು ಗುರುತಿಸಲು ಸ್ವಲ್ಪ ಇತಿಹಾಸ ತಿಳಿದಿರಬೇಕು. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಪೋರ್ಚುಗಲ್‌ನ ಮದೇರಾ ದ್ವೀಪದಿಂದ ಹೊನೊಲುಲುವಿಗೆ ಬಂದ ವಲಸಿಗರಲ್ಲಿ ಮನುವೆಲ್ ನುನೆಸ್, ಆಗಸ್ಟೋ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರಿದ್ದರು. ತಮ್ಮ ಊರಿನ ಮಷೆಟೆ ಎಂಬ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ ಅವರು ಹವಾಯಿಯ ಕೋವಾ ಮರದಿಂದ ಮಾಡಿದ ವಾದ್ಯಗಳೇ ಯುಕುಲೇಲೆಯಾದವು. ಕೋವಾ, ನಮ್ಮ ಮಲೆನಾಡಿನ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾದ ಕುಲಕ್ಕೇ ಸೇರಿದ ಮರವಾದರೂ, ಅದರ ಹೊನ್ನಗಂದು ಬಣ್ಣಕ್ಕೂ ಅಲೆಯಂಥ ಎಳೆಗಳಿಗೂ ಆ ಹೋಲಿಕೆ ಸಾಲದು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ–ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲೆಲ್ಲ ಈ ವಾದ್ಯದ ಹುಚ್ಚು ಹಬ್ಬಿತು. ಅಲ್ಲಿ ಬಹುಮಾನ ಪಡೆದ ಜೋನಾ ಕುಮಲಾಯೆ ತಮ್ಮ ವಾದ್ಯಗಳ ತಲೆಯ ಮೇಲೆ ಆ ಪ್ರಶಸ್ತಿಯ ಮುದ್ರೆಯನ್ನೇ ಅಂಟಿಸಿದರು. ಮರುವರ್ಷ ಹೊನೊಲುಲುವಿನಲ್ಲಿ ಕಮಾಕಾ ಸಂಸ್ಥೆ ಆರಂಭವಾಯಿತು. ಅದೇ 1916ರಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಪಟ್ಟಣದ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿಯವರೂ ಯುಕುಲೇಲೆಯನ್ನು ಮಾರುಕಟ್ಟೆಗೆ ತಂದರು. ಶಿಕಾಗೋದ ಹಾರ್ಮನಿ, ರೀಗಲ್, ಲಿಯಾನ್ ಅಂಡ್ ಹೀಲಿ ಕಾರ್ಖಾನೆಗಳು ಅಗ್ಗದ ವಾದ್ಯಗಳನ್ನು ರಾಶಿ ರಾಶಿಯಾಗಿ ತಯಾರಿಸಿದವು. ಇಂದು ಮಾರಾಟಕ್ಕೆ ಬರುವ ಹಳೆಯ ವಾದ್ಯಗಳಲ್ಲಿ ಹೆಚ್ಚಿನವು ಈ ಎರಡು ಊರುಗಳಿಂದಲೂ ಹವಾಯಿಯಿಂದಲೂ ಬಂದಂಥವು.

ಹವಾಯಿಯ ಹಳೆಯ ವಾದ್ಯಗಳಲ್ಲಿ ಕತ್ತಿನ ಮೇಲೆ ಅಂಟಿಸುವ ಪ್ರತ್ಯೇಕ ಬೆರಳುಹಲಗೆ ಇಲ್ಲದಿರುವುದು ಸಾಮಾನ್ಯ. ಫ್ರೆಟ್‌ಗಳನ್ನು, ಅಂದರೆ ವೀಣೆಯವರ ಮಾತಿನಲ್ಲಿ ಮೆಟ್ಟಿಲುಗಳನ್ನು, ನೇರವಾಗಿ ಕತ್ತಿನ ಮರದಲ್ಲೇ ಕೂರಿಸಿರುತ್ತಾರೆ. ನೋಡಲು ಇವು ಬಹಳ ಚಂದ, ಆದರೆ ಎಲ್ಲವೂ ಮೇಲಿನ ಮೆಟ್ಟಿಲುಗಳಲ್ಲಿ ಸರಿಯಾದ ಶ್ರುತಿಯಲ್ಲಿ ನುಡಿಯುವುದಿಲ್ಲ. ನುಡಿಸಲೆಂದೇ ಕೊಳ್ಳುವವರಿಗೆ ನಾನು ಹೇಳುವುದು ಮಾರ್ಟಿನ್‌ನ ಮಹಾಗನಿ ಸೊಪ್ರಾನೊವನ್ನೇ (ಯುಕುಲೇಲೆಯ ಸಾಮಾನ್ಯ ಅಳತೆಗಳಲ್ಲಿ ಅತಿ ಚಿಕ್ಕದು), ಅದರಲ್ಲೂ ಅತ್ಯಂತ ಸರಳವಾದ ಸ್ಟೈಲ್ 0 ಮಾದರಿಯನ್ನು. ಅಂಚುಪಟ್ಟಿಯಿಲ್ಲದ ಈ ವಾದ್ಯಕ್ಕೂ, ಗಾಢ ಬಣ್ಣದ ಅಂಚುಳ್ಳ ಸ್ಟೈಲ್ 1ಕ್ಕೂ, ಬಿಳಿಯ ಅಂಚುಳ್ಳ ಸ್ಟೈಲ್ 2ಕ್ಕೂ ದನಿಯಲ್ಲಿ ಇರುವ ವ್ಯತ್ಯಾಸ ಬೆಲೆಯಲ್ಲಿರುವಷ್ಟು ದೊಡ್ಡದಲ್ಲ. ಮುತ್ತಿನ ಚಿಪ್ಪಿನ ಕೆತ್ತನೆಯಿರುವ ಸ್ಟೈಲ್ 5 ಸಂಗ್ರಾಹಕರ ಪಾಲಿನದು.

ಮಾರ್ಟಿನ್ ಯುಕುಲೇಲೆಗಳ ಕಾಲನಿರ್ಣಯ ಗಿಟಾರಿನಷ್ಟು ಸುಲಭವಲ್ಲ, ಏಕೆಂದರೆ ತೀರಾ ಆರಂಭದ ಕೆಲವನ್ನು ಬಿಟ್ಟರೆ ಅವುಗಳಿಗೆ ಕ್ರಮಸಂಖ್ಯೆಯಿಲ್ಲ. ಹೀಗಾಗಿ ಗುರುತುಗಳನ್ನು ಒಂದಕ್ಕೊಂದು ತಾಳೆ ನೋಡಬೇಕಾಗುತ್ತದೆ. ತಂತಿ ಬಿಗಿಯುವ ಬಿರಡೆಗಳು ಮರದವಾಗಿದ್ದರೆ ವಾದ್ಯ ಬಹುಮಟ್ಟಿಗೆ 1920ರ ದಶಕದ ನಡುಭಾಗಕ್ಕಿಂತ ಹಿಂದಿನದು. ತಲೆಯ ಹಿಂಬದಿಯಲ್ಲಿ ಒತ್ತಿದ ಮುದ್ರೆ 1930ರ ದಶಕದ ಮಧ್ಯದವರೆಗೆ ಮುಂದುವರಿದು, ಆ ಹೊತ್ತಿಗೆ ಮುಂಬದಿಯಲ್ಲಿ ಹೆಸರಿನ ಅಂಟುಚಿತ್ರ ಬರತೊಡಗಿತ್ತು. ಅದೇ ಅವಧಿಯಲ್ಲಿ ಚಪ್ಪಟೆ ಪಟ್ಟಿಯಂಥ ಫ್ರೆಟ್‌ಗಳು ಹೋಗಿ, ಇಂದು ಎಲ್ಲೆಡೆ ಕಾಣುವ ದುಂಡುತಲೆಯ ಫ್ರೆಟ್‌ಗಳು ಬಂದವು. ಬಿರಡೆಗಳನ್ನು ಯಾರು ಬೇಕಾದರೂ ಬದಲಾಯಿಸಿರಬಹುದು, ಅಂಟುಚಿತ್ರವನ್ನು ಹೊಸದಾಗಿ ಅಂಟಿಸಲೂಬಹುದು; ಆದರೆ ಎಲ್ಲ ಫ್ರೆಟ್‌ಗಳನ್ನು ಬೇರೆ ಬಗೆಯವಕ್ಕೆ ಬದಲಾಯಿಸುವ ಕಷ್ಟ ತೆಗೆದುಕೊಳ್ಳುವವರು ಕಡಿಮೆ. ಆದ್ದರಿಂದ ಗುರುತುಗಳು ಒಂದಕ್ಕೊಂದು ಹೊಂದದಿದ್ದಾಗ ನಾನು ನಂಬುವುದು ಫ್ರೆಟ್‌ಗಳನ್ನೇ.

ಇನ್ನು ಪರೀಕ್ಷೆಯ ವಿಷಯ. ದೂರದಿಂದ ಕೊಳ್ಳುವಾಗ ಮುಂಭಾಗ, ಬೆನ್ನು, ಎರಡೂ ಪಕ್ಕೆಗಳು, ತಲೆಯ ಹಿಂದು ಮುಂದು, ತಂತಿಗಳ ಕೆಳತುದಿಯನ್ನು ಹಿಡಿದಿಡುವ ಕುದುರೆಯ ಸಮೀಪಚಿತ್ರ, ನಾದರಂಧ್ರದೊಳಗಿನ ಮುದ್ರೆ ಇಷ್ಟರ ಚಿತ್ರಗಳನ್ನೂ ಕೇಳಿ ಪಡೆಯಬೇಕು. ನಾನು ಕೊಂಡ ಮೊದಲ ಹಳೆಯ ವಾದ್ಯದ ಚಿತ್ರಗಳಲ್ಲಿ ಬೆನ್ನು ಒಂದರಲ್ಲೂ ಕಾಣುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ಬೆನ್ನಿನ ಉದ್ದಕ್ಕೂ ಒಂದು ಬಿರುಕು, ಅದರ ಮೇಲೆ ಒರಟಾಗಿ ಬಳಿದ ವಾರ್ನಿಶ್. ಅಂದಿನಿಂದ ಬೆನ್ನಿನ ಚಿತ್ರ ಕಳುಹಿಸದವರಿಂದ ಏನನ್ನೂ ಕೊಂಡಿಲ್ಲ.

ವಾದ್ಯ ಕೈಗೆ ಸಿಕ್ಕಾಗ ತಲೆಯ ಕಡೆಯಿಂದ ಕತ್ತಿನ ಉದ್ದಕ್ಕೂ ಕಣ್ಣು ಹಾಯಿಸಿ ಅದು ಬಾಗಿದೆಯೇ ಎಂದು ನೋಡಬೇಕು. ಹಳೆಯ ಯುಕುಲೇಲೆಗಳ ಕತ್ತಿನೊಳಗೆ ಸರಿಪಡಿಸಬಲ್ಲ ಉಕ್ಕಿನ ಸರಳು ಇರುವುದಿಲ್ಲವಾದ್ದರಿಂದ ಬಾಗಿದ ಕತ್ತಿಗೆ ಅಗ್ಗದ ಪರಿಹಾರವಿಲ್ಲ. ನಂತರ ಬೆರಳ ಗೆಣ್ಣಿನಿಂದ ಮುಂಭಾಗವನ್ನೂ ಬೆನ್ನನ್ನೂ ಅಲ್ಲಲ್ಲಿ ಮೆಲ್ಲನೆ ತಟ್ಟಬೇಕು. ಮಣ್ಣಿನ ಮಡಕೆ ಕೊಳ್ಳುವಾಗ ಮಾಡುವ ಕೆಲಸವೇ ಇದು. ಎಲ್ಲಿಯಾದರೂ ಗರಗರ ಸದ್ದು ಬಂದರೆ ಒಳಗಿನ ಅಡ್ಡಪಟ್ಟಿ ಬಿಟ್ಟುಕೊಂಡಿದೆ ಎಂದರ್ಥ. ಕುದುರೆಯ ಹಿಂಬದಿಯ ಅಂಚಿಗೆ ತೆಳುವಾದ ಕಾಗದವನ್ನು ತಾಗಿಸಿ, ಅದು ಒಳಗೆ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಪುಟ್ಟ ಕನ್ನಡಿ ಮತ್ತು ಟಾರ್ಚ್‌ನಿಂದ ಒಳಗೆ ನೋಡಿದರೆ ಬಿರುಕುಗಳ ಹಿಂದೆ ಅಂಟಿಸಿದ ಚಿಕ್ಕ ಮರದ ತುಣುಕುಗಳು ಕಾಣಬಹುದು. ಅವು ಅಚ್ಚುಕಟ್ಟಾಗಿದ್ದರೆ ಆ ಬಿರುಕಿಗೆ ಹೆದರಬೇಕಿಲ್ಲ. ಮರದ ಎಳೆಯ ಗುಂಟ ಹೋದ, ಚೆನ್ನಾಗಿ ಕೂಡಿಸಿದ ಬಿರುಕು ದನಿಯನ್ನು ಕೆಡಿಸುವುದಿಲ್ಲ, ಬೆಲೆಯನ್ನು ಮಾತ್ರ ಇಳಿಸುತ್ತದೆ. ನುಡಿಸುವವರಿಗೆ ಅದು ಲಾಭವೇ. ಕೊನೆಯಲ್ಲಿ ಪ್ರತಿ ತಂತಿಯನ್ನೂ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿ, ಅದೇ ಜಾಗದಲ್ಲಿ ತಂತಿಯನ್ನು ಬರಿದೆ ಸೋಕಿಸಿ ಹೊರಡಿಸಿದ ಸ್ವರದೊಂದಿಗೆ ಹೋಲಿಸಬೇಕು. ಇವೆರಡರ ನಡುವೆ ಅಂತರ ಹೆಚ್ಚಿದ್ದರೆ ಆ ವಾದ್ಯ ಗೋಡೆಗೆ ಸರಿ.

ವಿದೇಶದಿಂದ ತರಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹಳೆಯ ಅಮೆರಿಕನ್ ವಾದ್ಯಗಳ ಬೆರಳುಹಲಗೆ ಮತ್ತು ಕುದುರೆ ಹಲವೊಮ್ಮೆ ಬ್ರೆಜಿಲ್‌ನ ರೋಸ್‌ವುಡ್ಡಿನವು. ನಮ್ಮ ಬೀಟೆಯ ಕುಲದ್ದೇ ಆದ ಈ ಮರವನ್ನು 1992ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಲಾಯಿತು. ಉಳಿದ ರೋಸ್‌ವುಡ್‌ಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತರೂ ಇದಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಹಣ ಕೊಡುವ ಮುನ್ನವೇ ಮರ ಯಾವುದು, ಪರವಾನಗಿ ಪತ್ರಗಳನ್ನು ಯಾರು ಮಾಡಿಸುತ್ತಾರೆ ಎಂಬುದನ್ನು ಮಾರುವವರಿಂದ ಬರೆಸಿಕೊಳ್ಳುವುದು ಕ್ಷೇಮ.

ವಾದ್ಯ ಮನೆಗೆ ಬಂದ ದಿನವೇ ತಂತಿ ಬಿಗಿಯಬಾರದು. ಒಂದು ವಾರವಾದರೂ ಅದು ಪೆಟ್ಟಿಗೆಯಲ್ಲಿದ್ದುಕೊಂಡೇ ಹೊಸ ಹವೆಗೆ ಒಗ್ಗಿಕೊಳ್ಳಲಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55ರವರೆಗೆ ಇದ್ದರೆ ಈ ಮರಗಳಿಗೆ ಹಿತ. ಕಲಬುರಗಿಯ ಬೇಸಿಗೆ ಅದಕ್ಕಿಂತ ಬಹಳ ಒಣ, ಮಂಗಳೂರಿನ ಮಳೆಗಾಲ ಬಹಳ ತೇವ. ಮೊದಲನೆಯದು ಬಿರುಕು ಬಿಡಿಸುತ್ತದೆ, ಎರಡನೆಯದು ಅಂಟನ್ನು ಸಡಿಲಿಸುತ್ತದೆ. ಪೆಟ್ಟಿಗೆಯೊಳಗೆ ಒಂದು ಚಿಕ್ಕ ಆರ್ದ್ರತಾಮಾಪಕವನ್ನು ಇಟ್ಟು, ಒಣಹವೆಯಲ್ಲಿ ರಂಧ್ರಗಳಿರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನೂ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಇಡುವುದು ಸಾಕು.

ಶುಚಿ ಮಾಡಲು ಮೆದುವಾದ ಬಟ್ಟೆಯನ್ನು ತುಸುವೇ ನೆನೆಸಿ ಒರೆಸಿದರೆ ಆಯಿತು. ಕೊಬ್ಬರಿ ಎಣ್ಣೆ, ಪೀಠೋಪಕರಣದ ಪಾಲಿಶ್, ಹೊಸ ವಾರ್ನಿಶ್ ಯಾವುದೂ ಬೇಡ. ಮೂಲ ಲೇಪವನ್ನು ಕೆರೆದು ತೆಗೆದ ವಾದ್ಯ ಎಷ್ಟೇ ಹೊಳೆದರೂ ಅದರ ಬೆಲೆಯ ದೊಡ್ಡ ಪಾಲು ಆ ಕ್ಷಣದಲ್ಲೇ ಹೋಗಿರುತ್ತದೆ. ಬಿಟ್ಟುಕೊಂಡ ಕುದುರೆಗೆ ತಕ್ಷಣ ಹಿಡಿಯುವ ಅಂಟನ್ನು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಹಿಂದಿನವರು ಬಳಸಿದ್ದು ಪ್ರಾಣಿಗಳ ತೊಗಲಿನಿಂದ ತಯಾರಿಸಿದ ಅಂಟು. ಬಿಸಿ ಮತ್ತು ತೇವದಿಂದ ಅದನ್ನು ಬಿಡಿಸಿ ಮತ್ತೆ ಕೂಡಿಸಬಹುದು, ಹೊಸ ಅಂಟುಗಳು ಆ ದಾರಿಯನ್ನೇ ಮುಚ್ಚಿಬಿಡುತ್ತವೆ. ಈ ಕೆಲಸವನ್ನು ಪಿಟೀಲು ಅಥವಾ ಗಿಟಾರ್ ರಿಪೇರಿ ಬಲ್ಲವರಿಗೆ ಒಪ್ಪಿಸುವುದೇ ಲೇಸು. ಜಾರುವ ಮರದ ಬಿರಡೆಗಳಿಗೆ ಮಾತ್ರ ಪಿಟೀಲಿನವರಂತೆ ಸೀಮೆಸುಣ್ಣ ಸವರಿಕೊಳ್ಳಬಹುದು. ಲೋಹದ ಬಿರಡೆಗಳಾದರೆ ಹಿಡಿಕೆಯ ತುದಿಯ ತಿರುಪನ್ನು ಸ್ವಲ್ಪ ಬಿಗಿಮಾಡಿದರೆ ಸಾಕು.

1949ರಲ್ಲಿ ಮಾರಿಯೋ ಮಕಫೆರಿ ರೂಪಿಸಿದ ಐಲ್ಯಾಂಡರ್ ಎಂಬ ಪ್ಲಾಸ್ಟಿಕ್ ಯುಕುಲೇಲೆಯೂ ಈಗ ಹಳೆಯದೇ, ನುಡಿಯುವುದೂ ನಿರೀಕ್ಷೆಗಿಂತ ಚೆನ್ನಾಗಿ. ಅದು ಪಾಲಿಸ್ಟೈರೀನ್ ಆದ್ದರಿಂದ ಥಿನ್ನರ್ ತಾಗಿದರೆ ಕರಗುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟರೆ ಸೊಟ್ಟಗಾಗುತ್ತದೆ.

ತಂತಿಗಳು ನೈಲಾನ್ ಅಥವಾ ಫ್ಲೋರೋಕಾರ್ಬನ್ನಿನವಾಗಿರಲಿ. ಈ ವಾದ್ಯಗಳು ಹುಟ್ಟಿದ್ದು ಕರುಳಿನ ತಂತಿಗಳಿಗಾಗಿ. ಉಕ್ಕಿನ ತಂತಿಯ ಎಳೆತಕ್ಕೆ ಕುದುರೆ ಕಿತ್ತುಬರುವುದು, ಮುಂಭಾಗ ಕುಸಿಯುವುದು ಖಂಡಿತ. ಹಳೆಯ ಮಾರ್ಟಿನ್‌ನಲ್ಲಿ ತಂತಿಯ ತುದಿಗೆ ಗಂಟು ಹಾಕಿ ಕುದುರೆಯ ಸೀಳಿಗೆ ಸಿಕ್ಕಿಸಬೇಕು. ತೆಳುವಾದ ತಂತಿಗೆ ಎರಡು ಗಂಟು ಹಾಕದಿದ್ದರೆ ಜಾರಿಹೋಗುತ್ತದೆ. ಇಂದು ರೂಢಿಯಲ್ಲಿರುವ ಜಿ, ಸಿ, ಇ, ಎ ಶ್ರುತಿಗೆ ಒಮ್ಮೆಲೇ ಏರಿಸದೆ, ಒಂದು ಸ್ವರ ಕೆಳಗೆ ಎರಡು ದಿನ ಬಿಟ್ಟು, ಕುದುರೆಯ ಹಿಂಬದಿ ಏಳುತ್ತಿಲ್ಲವೆಂದು ಕಾಗದ ತಾಗಿಸಿ ಖಚಿತಪಡಿಸಿಕೊಂಡು ಮೇಲಕ್ಕೆ ತರಬೇಕು. 1920ರ ದಶಕದ ಹಾಡಿನ ಹಾಳೆಗಳಲ್ಲಿ ಇದಕ್ಕಿಂತ ಒಂದು ಸ್ವರ ಮೇಲಿನ ಎ, ಡಿ, ಎಫ್ ಶಾರ್ಪ್, ಬಿ ಶ್ರುತಿ ಕಾಣುತ್ತದೆ. ಗಟ್ಟಿಯಾಗಿರುವ ಸೊಪ್ರಾನೊ ಅದರಲ್ಲಿ ಇನ್ನಷ್ಟು ಚುರುಕಾಗಿ ನುಡಿಯುತ್ತದೆ, ಆದರೆ ವಾದ್ಯ ಒಂದೆರಡು ತಿಂಗಳು ಕೆಳಗಿನ ಶ್ರುತಿಯಲ್ಲಿ ಅಲುಗದೆ ನಿಂತ ಮೇಲೆಯೇ ಅದನ್ನು ಪ್ರಯತ್ನಿಸಬೇಕು.