ಹಳದಿಯಾದ ಮೆಣಸಿನ ಗಿಡ ಮತ್ತು ಬೋರ್‌ವೆಲ್ ನೀರು

ಹಾಸನದ ನಮ್ಮ ಮನೆಯ ತಾರಸಿಯಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಲ್ಲಿ ಮೆಣಸಿನ ಗಿಡ ಬೆಳೆಸುತ್ತೇನೆ. ಈ ಸಲ ಚಿಗುರೆಲೆಗಳು ಹಳದಿಯಾದವು; ನರಗಳು ಮಾತ್ರ ಹಸಿರು. ಹಸಿವೆಂದುಕೊಂಡು ದ್ರವಗೊಬ್ಬರ ಹೆಚ್ಚಿಸಿದೆ. ಎಲೆಯ ತುದಿಯೂ ಸುಟ್ಟಿತು!

ಕೊನೆಗೆ ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ವಿದ್ಯುತ್ ವಾಹಕತೆ) ಮತ್ತು ಪಿಎಚ್ (ಹುಳಿ-ಕ್ಷಾರದ ಮಟ್ಟ) ಅಳೆಯುವ ಮೀಟರ್ ತಂದೆ. ಗೊಬ್ಬರ ಬೆರೆಸದ ಬೋರ್‌ವೆಲ್ ನೀರಿನಲ್ಲೇ ಇಸಿ ಸೆಂಟಿಮೀಟರಿಗೆ 0.9 ಮಿಲಿಸೀಮೆನ್ಸ್, ಪಿಎಚ್ 7.9 ಇತ್ತು. ಗೊಬ್ಬರ ಬೆರೆಸಿದಾಗ ಇಸಿ 3.1; ಎಲೆಯ ತುದಿ ಸುಟ್ಟಿದ್ದು ಈ ಹೆಚ್ಚಾದ ಲವಣದಿಂದ. ಪಿಎಚ್ 7ನ್ನು ದಾಟಿದರೆ ಕಬ್ಬಿಣದ ಅಂಶ ಸರಿಯಾಗಿ ಕರಗದೆ ಬೇರಿಗೆ ದಕ್ಕುವುದಿಲ್ಲ. ಊಟದ ಬಾಳೆಲೆ ತುಂಬ ಬಡಿಸಿ ಕೈ ಕಟ್ಟಿ ಕೂರಿಸಿದಂತಾಗಿತ್ತು.

ಈಗ ಅರ್ಧ ಬೋರ್‌ವೆಲ್ ನೀರು, ಅರ್ಧ ಹಿಡಿದಿಟ್ಟ ಮಳೆನೀರು. ಮೊದಲು ಗೊಬ್ಬರ ಕರಗಿಸಿ ಇಸಿಯನ್ನು 2ರ ಆಸುಪಾಸಿಗೆ ತರುತ್ತೇನೆ. ಗೊಬ್ಬರವೇ ಪಿಎಚ್ ಬದಲಿಸುವುದರಿಂದ ಅದನ್ನು ಆಮೇಲೆ ಅಳೆದು, ಸಿಟ್ರಿಕ್ ಆಮ್ಲವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ 6ಕ್ಕೆ ಇಳಿಸುತ್ತೇನೆ. ಇಟ್ಟರೆ ಪಿಎಚ್ ಮತ್ತೆ ಏರುತ್ತದೆ, ಆದ್ದರಿಂದ ಬೆರೆಸಿದ ದಿನವೇ ಉಣಿಸುತ್ತೇನೆ. ಇಸಿಯನ್ನೇ ಲವಣದ ಪ್ರಮಾಣವಾಗಿ (ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂದು) ಬದಲಿಸಿ ತೋರಿಸುವ ಪಿಪಿಎಂ ಅಂಕಿಯನ್ನು ನೋಡುವುದನ್ನೇ ಬಿಟ್ಟಿದ್ದೇನೆ; ಅದೇ ಇಸಿ 2ನ್ನು ಒಂದು ಮೀಟರ್ 1000 ಎಂದರೆ ಇನ್ನೊಂದು 1400 ಎನ್ನುತ್ತದೆ.

ಹಳೆಯ ಎಲೆಗಳು ಹಳದಿಯಾಗಿಯೇ ಉಳಿದವು. ಎರಡು ವಾರದಲ್ಲಿ ಹೊಸ ಚಿಗುರು ಹಸಿರಾಗಿ ಬಂತು.