ಆಟಿಸಂ ಇರುವ ಪುಟ್ಟ ಮಗುವಿನ ಕಿರುಚಾಟ, ದಣಿದ ಅಪ್ಪ-ಅಮ್ಮ: ಎಲ್ಲಿಂದ ಶುರು ಮಾಡಬೇಕು?

ಕಿರುಚುವುದು, ಕಚ್ಚುವುದು, ಊಟಕ್ಕೆ ಕೂರದಿರುವುದು ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಟರೆ ವಾರದೊಳಗೆ ಕೈಚೆಲ್ಲುತ್ತೀರಿ. ಒಂದನ್ನು ಮಾತ್ರ ಆರಿಸಿಕೊಳ್ಳಿ. ಯಾರಿಗಾದರೂ ಪೆಟ್ಟಾಗುವಂಥದ್ದಿದ್ದರೆ ಅದೇ ಮೊದಲು.

ಐದಾರು ದಿನ ಬರೆದಿಡಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ‘ಹಠ ಮಾಡಿತು’ ಎಂದರೆ ಸಾಲದು. ‘ಮೊಬೈಲ್ ತೆಗೆದಿಟ್ಟೆ, ಎರಡು ನಿಮಿಷ ಕಿರುಚಿ ನನ್ನ ಕೈ ಕಚ್ಚಿತು, ಮೊಬೈಲ್ ವಾಪಸ್ ಕೊಟ್ಟೆ’ ಎಂದು ಬರೆಯಿರಿ. ಹತ್ತು-ಹನ್ನೆರಡು ಸಲ ಬರೆಯುವಷ್ಟರಲ್ಲಿ ಕಾರಣ ಕಾಣತೊಡಗುತ್ತದೆ: ಏನೋ ಬೇಕು, ಯಾವುದರಿಂದಲೋ ತಪ್ಪಿಸಿಕೊಳ್ಳಬೇಕು, ನಿಮ್ಮ ಗಮನ ಬೇಕು, ಇಲ್ಲವೇ ಸದ್ದು-ಬೆಳಕು ತಡೆಯಲಾಗುತ್ತಿಲ್ಲ. ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮಲಬದ್ಧತೆ, ಕಿವಿನೋವು, ಹಲ್ಲುನೋವು ಹೇಳಲು ಬಾರದ ಮಗು ಹೀಗೂ ಹೇಳುತ್ತದೆ.

ಕಾರಣ ಸಿಕ್ಕಿತೇ? ಕಿರುಚಿ ಪಡೆಯುವುದನ್ನೇ ಸುಲಭವಾಗಿ ಪಡೆಯಲು ಕಲಿಸಿ. ಕೆಲಸ ತಪ್ಪಿಸಿಕೊಳ್ಳಲು ಕಿರುಚುವ ಮಗುವಿಗೆ ಅಂಗೈಯಗಲದ ರಟ್ಟಿನ ಮೇಲೆ ‘ಸಾಕು’ ಎಂಬ ಚಿತ್ರ ಮಾಡಿಕೊಡಿ. ಮುಖ ಸಿಂಡರಿಸುವ ಹೊತ್ತಿಗೇ, ಕಿರುಚುವ ಮುಂಚೆ, ಮೆಲ್ಲಗೆ ಕೈ ಹಿಡಿದು ಆ ಕಾರ್ಡನ್ನು ನಿಮಗೆ ಕೊಡಿಸಿಕೊಂಡು, ತಕ್ಷಣ ಕೆಲಸ ನಿಲ್ಲಿಸಿ. ಕೈ ಹಿಂದೆಳೆದುಕೊಂಡರೆ ಬಲವಂತ ಬೇಡ, ನೀವೇ ಮಾಡಿ ತೋರಿಸಿ. ಶುರುವಿನಲ್ಲಿ ಪ್ರತಿ ಸಲವೂ ಫಲ ಸಿಗಲೇಬೇಕು. ಕಿರುಚಾಟದ ನಡುವೆ ಪಾಠ ಬೇಡ.

ಎಡವುವುದು ಇಲ್ಲಿ. ನಾಲ್ಕು ಸಲ ‘ಇಲ್ಲ’ ಎಂದವರು ಸುಸ್ತಾಗಿ ಐದನೇ ಸಲ ಕೊಟ್ಟುಬಿಡುತ್ತಾರೆ. ಇನ್ನಷ್ಟು ಹೊತ್ತು ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ದಣಿವು ಕಿರುಚಾಟವನ್ನು, ಕಿರುಚಾಟ ದಣಿವನ್ನು ಬೆಳೆಸುವುದು ಹೀಗೆ. ಕೊಡುವುದೇ ಆದರೆ ಮೊದಲ ಸಲ ಕೇಳಿದಾಗಲೇ ಕೊಡಿ. ಕೊಡದಿರಲು ನಿರ್ಧರಿಸಿದರೆ ಮೊದಲ ಕೆಲವು ದಿನ ಕಿರುಚಾಟ ಜೋರಾಗಬಹುದು, ಅದು ನಿರೀಕ್ಷಿತವೇ. ಮನೆಯಲ್ಲಿ ಅಜ್ಜಿ-ತಾತ ಇದ್ದರೆ ಅವರಿಗೂ ಇದೇ ನಿಯಮ!

ಸದ್ದು-ಬೆಳಕಿನಿಂದ ಕಂಗೆಟ್ಟ ಮಗುವಿಗೆ ಈ ನಿಯಮ ಹಚ್ಚಬೇಡಿ. ದೀಪ ಆರಿಸಿ, ಮಾತು ಕಡಿಮೆ ಮಾಡಿ, ತಲೆ ಚಚ್ಚಿಕೊಳ್ಳುತ್ತಿದ್ದರೆ ದಿಂಬು ಅಡ್ಡ ಕೊಟ್ಟು ಕಾಯಿರಿ.

ನಿಮ್ಮ ಪಾಳಿಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಹೆಚ್ಚು ರಂಪ ಆಗುವ ಹೊತ್ತು ನಿಮ್ಮ ದಾಖಲೆಯಲ್ಲೇ ಇದೆ. ಆ ಹೊತ್ತಿಗೆ ಇಬ್ಬರಲ್ಲಿ ನಿದ್ದೆ ಚೆನ್ನಾಗಿ ಆದವರು ಮಗುವಿನ ಜೊತೆಗಿರಲಿ. ಒಬ್ಬರೇ ಇದ್ದು ಕೈ ಎತ್ತುವಷ್ಟು ಸಿಟ್ಟು ಬಂದರೆ, ಮಗುವಿಗೆ ಅಪಾಯವಿಲ್ಲದಂತೆ ನೋಡಿಕೊಂಡು ಎರಡು ನಿಮಿಷ ಬಾಗಿಲಾಚೆ ನಿಲ್ಲಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ಈ ಸಲ ಡಾಕ್ಟರ ಬಳಿ ನಿಮಗಾಗಿಯೇ ಹೋಗಿ.