ತುರ್ತಿಗೆ ಯಾರಿಗೆ ಫೋನ್ ಮಾಡಬೇಕು: ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಕೆಲಸದ ಒಂದು ವರ್ಕ್‌ಶಾಪಿನ ಮೂವತ್ತೆಂಟು ಕೆಲಸಗಾರರ ಹೊಣೆ ನನ್ನದು. 2019ರ ಮಳೆಗಾಲದ ಒಂದು ರಾತ್ರಿ ಪಾಳಿಯಲ್ಲಿ ಹುಡುಗನೊಬ್ಬ, ತಿರುಗುತ್ತಿದ್ದ ಲೇತಿನಿಂದ, ಕಡೆಯುವಾಗ ಏಳುವ ಕಬ್ಬಿಣದ ಸುರುಳಿಯನ್ನು ಕೈಯಿಂದಲೇ ಎಳೆಯಲು ಹೋದ. ಸುರುಳಿಗೆ ಕೈಗವಸು ಸಿಕ್ಕಿಕೊಂಡಿತು. ಎರಡು ಬೆರಳು ಜಜ್ಜಿಹೋದವು.

108ಕ್ಕೆ ಕರೆ ಮಾಡಿದ ಮೇಲೆ ಮನೆಯವರಿಗೆ ತಿಳಿಸಲೆಂದು ರಿಜಿಸ್ಟರ್ ತೆಗೆದೆ. ಅವನ ಹೆಸರಿನ ಮುಂದೆ ಎರಡು ನಂಬರ್ ಇದ್ದವು. ಒಂದು ಅವನದೇ ಹಳೆಯ ಸಿಮ್. ಇನ್ನೊಂದು ಲಿಂಗಸುಗೂರು ತಾಲ್ಲೂಕಿನ ಅವನೂರಿನ ಕಿರಾಣಿ ಅಂಗಡಿಯದು. ಅಂಗಡಿಯವರು ನಿದ್ದೆಯಿಂದೆದ್ದು ಫೋನ್ ಎತ್ತಿ, ಹೆಸರು ಕೇಳಿ, "ಅಂಥವರು ನಮ್ಮೂರಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟರು. ಅವನ ಜೊತೆಗೆ ರೂಮಿನಲ್ಲಿದ್ದವನು ಬಂದು ಹೇಳುವವರೆಗೆ ನಮಗೆ ವಿಷಯವೇ ತಿಳಿಯಲಿಲ್ಲ: ನಮ್ಮಲ್ಲಿದ್ದದ್ದು ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಹೆಸರು, ಊರಿಗೆಲ್ಲ ಅವನು ಸಣ್ಣೆಪ್ಪ. ತಾಯಿಗೆ ಸುದ್ದಿ ಮುಟ್ಟುವಾಗ ಬೆಳಗಾಗಿತ್ತು.

ರಿಜಿಸ್ಟರಿನಲ್ಲಿ ಒಂದು ಕಾಲಮ್ಮೂ ಖಾಲಿ ಇರಲಿಲ್ಲ. ಅದನ್ನು ಭರ್ತಿ ಮಾಡಿಸಿದವನು ನಾನು. ಈ ನಂಬರಿಗೆ ಕರೆ ಮಾಡಿದರೆ ಯಾರು ಎತ್ತುತ್ತಾರೆ ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

ಮರುವಾರದಿಂದ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊಸದಾಗಿ ಬರೆದುಕೊಂಡೆ. ಒಂದು ತಾಸಿನೊಳಗೆ ಆಸ್ಪತ್ರೆಗೆ ಬರಬಲ್ಲವರು ಬೆಂಗಳೂರಿನಲ್ಲಿ ಯಾರು? ಊರಲ್ಲಿ ಯಾರಿಗೆ ತಿಳಿಸಬೇಕು, ಅವರಿಗೆ ಯಾವ ಭಾಷೆ ಬರುತ್ತದೆ, ಅಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ? ರಕ್ತದ ಗುಂಪನ್ನು ಆಸ್ಪತ್ರೆಯವರು ತಾವೇ ಪರೀಕ್ಷಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಮೈಗೆ ಒಗ್ಗದ ಔಷಧಿ ಇವುಗಳನ್ನು ಹೇಳುವವರು ನಾವೇ ಆಗಿರುತ್ತೇವೆ. ಇಎಸ್‌ಐ (ಕಾರ್ಮಿಕರ ವಿಮೆಯ) ನಂಬರನ್ನೂ ಅದೇ ಹಾಳೆಯಲ್ಲಿ ಬರೆದೆವು.

ಬರೆದುಕೊಂಡ ನಂಬರಿಗೆ ಅಲ್ಲೇ ಕರೆ ಮಾಡಿದೆ. ಕಾರ್ಖಾನೆಯಿಂದ ಫೋನ್ ಬಂದರೆ ಹೆತ್ತವರ ಎದೆ ಒಡೆಯುತ್ತದೆ. ಹಾಗಾಗಿ ನನ್ನ ಮೊದಲ ಮಾತು "ಅಮ್ಮಾ, ನಿಮ್ಮ ಮಗ ಚೆನ್ನಾಗಿದ್ದಾನೆ, ನನ್ನ ಪಕ್ಕದಲ್ಲೇ ಕೂತಿದ್ದಾನೆ" ಎಂದೇ ಇರುತ್ತಿತ್ತು. ಆಮೇಲೆ ಫೋನನ್ನು ಅವನ ಕೈಗೆ ಕೊಡುತ್ತಿದ್ದೆ. ಹನ್ನೊಂದು ನಂಬರ್ ಸತ್ತಿದ್ದವು. ಸಿಮ್ ಬದಲಾಗುತ್ತಲೇ ಇರುವುದರಿಂದ ಜನವರಿ ಮತ್ತು ಜುಲೈನಲ್ಲಿ ಈ ಕೆಲಸವನ್ನು ಮತ್ತೆ ಮಾಡುತ್ತೇನೆ.

ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು, "ಸಾರ್, ಗಂಡನ ನಂಬರ್ ಬೇಡ, ಅಕ್ಕನದು ಬರೆದುಕೊಳ್ಳಿ" ಎಂದಳು. ಏಕೆಂದು ನಾನು ಕೇಳಲಿಲ್ಲ, ಕೇಳಬಾರದು ಕೂಡ. ಯಾರನ್ನು ಕರೆಯಬೇಕೆಂಬುದು ಅವಳ ತೀರ್ಮಾನ. ಹಿಂದೆ ರಿಜಿಸ್ಟರ್ ಗೇಟಿನ ಮೇಜಿನ ಮೇಲೆ ಬಿದ್ದಿರುತ್ತಿತ್ತು, ಯಾರು ಬೇಕಾದರೂ ಯಾರ ನಂಬರನ್ನಾದರೂ ನೋಡಬಹುದಿತ್ತು. ಈಗ ಹಾಳೆಗಳು ಬೀಗದ ಡ್ರಾಯರಿನಲ್ಲಿವೆ. ಬೀಗದ ಕೈ ನನ್ನ ಬಳಿ ಒಂದು, ಪಾಳಿಯ ಮೇಲ್ವಿಚಾರಕರ ಬಳಿ ಒಂದು.

ನಿಯಮಗಳ ವಿಷಯದಲ್ಲಿ ನನ್ನ ತಪ್ಪು ಇದಕ್ಕಿಂತ ದೊಡ್ಡದು. ವರ್ಕ್‌ಶಾಪಿನ ಉದ್ದಕ್ಕೂ "ಕೈಗವಸು ಕಡ್ಡಾಯ" ಎಂಬ ಬೋರ್ಡುಗಳನ್ನು ಹಾಕಿಸಿದವನು ನಾನು. ತಗಡು ಎತ್ತುವವರಿಗೆ ಅದು ಸರಿ. ತಿರುಗುವ ಲೇತಿನ ಮುಂದೆ ಕೈಗವಸು ಹಾಕಲೇಬಾರದು, ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ಹುಡುಗ ನಿಯಮ ಮುರಿದು ಪೆಟ್ಟು ಮಾಡಿಕೊಂಡವನಲ್ಲ, ನಾನು ಬರೆಸಿದ ನಿಯಮವನ್ನು ಪಾಲಿಸಿದವನು. ನಾಲ್ಕು ಪುಟಗಳ ಸುರಕ್ಷತಾ ನಿಯಮಾವಳಿಯೊಂದು ನಮ್ಮಲ್ಲಿತ್ತು. ಅದು ಇಂಗ್ಲಿಷಿನಲ್ಲಿತ್ತು, ಕೆಳಗೆ ಅವನ ಸಹಿಯೂ ಇತ್ತು. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್, ಸೂಚನಾಫಲಕ ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದಿತ್ತು. ನಮ್ಮಲ್ಲಿ ಕನ್ನಡದಲ್ಲಿದ್ದದ್ದು ಆ ತಪ್ಪು ಬೋರ್ಡು ಮಾತ್ರ.

ಲೇತಿನ ಸಾಲಿನ ಬೋರ್ಡನ್ನು ಏಣಿ ಹತ್ತಿ ನಾನೇ ಇಳಿಸಿದೆ. ನಾಲ್ಕು ಪುಟ ಏಳು ಸಾಲಾಯಿತು, ಕನ್ನಡದಲ್ಲಿ. ಒಡಿಶಾದಿಂದ ಬಂದ ಆರು ಮಂದಿಗಾಗಿ ಅವರಲ್ಲೇ ಒಬ್ಬರು ಒಡಿಯಾದಲ್ಲಿ ಬರೆದುಕೊಟ್ಟರು. ಹೊಸಬರು ಸೇರಿದ ದಿನ ಸಹಿಗೆ ಮುಂಚೆ ಯಂತ್ರದ ಪಕ್ಕದಲ್ಲೇ ನಿಂತು ಓದಿಹೇಳುತ್ತೇನೆ: ಸಡಿಲ ತೋಳಿನ ಅಂಗಿ, ಉಂಗುರ, ಕೈಗವಸು ಬೇಡ, ಚಕ್ ಕೀಯನ್ನು (ಲೋಹದ ತುಂಡು ಹಿಡಿಯುವ ಚಕ್ಕನ್ನು ಬಿಗಿಮಾಡುವ ಕೀ) ಚಕ್ಕಿನಲ್ಲೇ ಬಿಡಬೇಡಿ, ಯಂತ್ರ ಪೂರ್ತಿ ನಿಂತ ಮೇಲೆ ಸುರುಳಿಯನ್ನು ಕೊಕ್ಕೆಯಿಂದ ತೆಗೆಯಿರಿ. ಕೊಕ್ಕೆಗಳು ಮೊದಲು ಸ್ಟೋರಿನಲ್ಲಿರುತ್ತಿದ್ದವು. ಈಗ ಪ್ರತಿ ಲೇತಿನ ಬಲಗಡೆ ಒಂದೊಂದು ನೇತಾಡುತ್ತಿದೆ.